ಅತ್ತೆಯ ಸೌತೆಬೀಜ ಹುಡುಕಿಕೊಂಡು

ಮಡಿಕೇರಿಯಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ನೀವು ಎಂದಾದರೂ ಕುಳಿತಿದ್ದರೆ ನಮ್ಮೂರನ್ನು ನೋಡಿಯೇ ಇರುತ್ತೀರಿ. ತಿರುವುಗಳೆಲ್ಲ ಮುಗಿದು, ತಲೆಸುತ್ತಿ ಕೂತ ಮಕ್ಕಳು ಸ್ವಲ್ಪ ಚೇತರಿಸಿಕೊಂಡು, ಕಿಟಕಿಯ ಹೊರಗೆ ಪಯಸ್ವಿನಿ ಹೊಳೆಯೂ ಅಡಿಕೆ ತೋಟಗಳೂ ಕಾಣಿಸತೊಡಗಿದರೆ ಅದು ಸಂಪಾಜೆ, ಕಲ್ಲುಗುಂಡಿ, ಅರಂತೋಡು. ಇನ್ನು ಮುಕ್ಕಾಲು ಗಂಟೆಯೊಳಗೆ ಸುಳ್ಯ ಪೇಟೆ. ರಸ್ತೆಯಿಂದ ಒಳಗೆ ಒಂದು ಮೈಲು ನಡೆದರೆ ನಮ್ಮ ಮನೆ. ಇಪ್ಪತ್ತೆರಡು ವರ್ಷದ ಹಿಂದೆ ಕಡಬದ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದವಳು ನಾನು.

ವಸಂತ ಎಂದರೆ ಪಂಚಾಂಗದಲ್ಲಿ ಚೈತ್ರ, ಯುಗಾದಿ. ನಮ್ಮಲ್ಲಿ ಅಷ್ಟು ದಿನ ಕಾಯಬೇಕಾಗಿಲ್ಲ. ಮಕರ ಮಾಸ ಮುಗಿಯುವ ಹೊತ್ತಿಗೆ, ತುಳುವಿನಲ್ಲಿ ಹೇಳುವುದಾದರೆ ಪುಯಿಂತೆಲ್ ಹೋಗಿ ಮಾಯಿ ತಿಂಗಳು ಬರುವಾಗಲೇ ವಸಂತ ಬಂತೆಂದು ನಮಗೆ ಗೊತ್ತಾಗುತ್ತದೆ. ಬೆಳಿಗ್ಗೆ ಮುಖಕ್ಕೆ ನೀರು ಹಾಕಿಕೊಳ್ಳಲು ಇನ್ನೂ ಚಳಿ, ಹನ್ನೊಂದು ಗಂಟೆಗೆ ಅಂಗಳದಲ್ಲಿ ಕಾಲಿಡಲಾಗದ ಬಿಸಿಲು. ಗುಡ್ಡದ ಕಡೆಯಿಂದ ಗೇರುಹೂವಿನ ಪರಿಮಳ. ಹಲಸಿನ ಮರದಲ್ಲಿ ಮುಷ್ಟಿ ಗಾತ್ರದ ಗುಜ್ಜೆ. ಕಾಟುಮಾವಿನ ಅಡಿಯಲ್ಲಿ ಉದುರಿದ ಮಿಡಿ. ಅದನ್ನು ಹೆಕ್ಕುವ ಮಕ್ಕಳು ಈಗ ಕಡಿಮೆಯಾದರು, ಅಷ್ಟೇ.

ಈ ಕಾಲದಲ್ಲಿ ನಮ್ಮ ಕಡೆಯ ಹೆಂಗಸರಿಗೆ ಒಂದು ಕೆಲಸ ಉಂಟು. ಅದಕ್ಕೆ ನೆಟ್ಟಿಕಾಯಿ ಎನ್ನುತ್ತೇವೆ. ಬತ್ತದ ಕೊಯ್ಲಾದ ಗದ್ದೆಯಲ್ಲಿ, ಮಣ್ಣಿನಲ್ಲಿ ಇನ್ನೂ ತೇವ ಇರುವಾಗಲೇ, ಬೆಂಡೆ, ಅಳಸಂಡೆ, ಹರಿವೆ, ಹಾಗಲ, ಪಡುವಲ, ಚೀನಿಕಾಯಿ, ಕುಂಬಳ, ಸೌತೆ ಬೆಳೆಯುವುದು. ಅಡಿಕೆ ತೋಟ ಗಂಡಸರ ಲೆಕ್ಕ, ನೆಟ್ಟಿಕಾಯಿ ಹೆಂಗಸರ ಲೆಕ್ಕ. ಇದನ್ನು ಯಾರೂ ಬರೆದಿಟ್ಟದ್ದಲ್ಲ, ಹಾಗೇ ನಡೆದುಬಂದಿದೆ.

ಖರ್ಚಿಲ್ಲದ ಕೃಷಿ ಎಂದು ಈಗ ಪೇಟೆಯಲ್ಲಿ ಭಾಷಣ ಮಾಡುತ್ತಾರಲ್ಲ, ನಮ್ಮದು ಮೊದಲಿನಿಂದಲೂ ಅದೇ. ಬೇರೆ ದಾರಿ ಇರಲಿಲ್ಲ, ನೋಡಿ. ಗೊಬ್ಬರಕ್ಕೆ ಸುಡುಮಣ್ಣು. ಒಣ ತರಗೆಲೆ, ಕಡ್ಡಿ, ಅದರ ಮೇಲೆ ಹುಲ್ಲಿನ ಬೇರು ಸಮೇತ ಕೆತ್ತಿದ ಮಣ್ಣು, ಮತ್ತೆ ತರಗೆಲೆ, ಮತ್ತೆ ಮಣ್ಣು, ಹೀಗೆ ಪೇರಿಸಿ ಒಂದು ಬದಿಯಿಂದ ಬೆಂಕಿ ಕೊಟ್ಟರೆ ಎರಡು ಮೂರು ದಿನ ಒಳಗೊಳಗೇ ಹೊಗೆಯಾಡುತ್ತ ಬೇಯುತ್ತದೆ. ಆರಿದ ಮೇಲೆ ಆ ಕೆಂಪು ಮಣ್ಣನ್ನು ಹಟ್ಟಿಗೊಬ್ಬರದ ಜೊತೆ ಬೆರೆಸಿ ಗುಳಿಗೆ ಹಾಕುವುದು. ಹುಳಕ್ಕೆ ಬಚ್ಚಲು ಒಲೆಯ ಬೂದಿ, ಬೆಳಿಗ್ಗೆ ಎಲೆಯ ಮೇಲೆ ಇಬ್ಬನಿ ಇರುವಾಗಲೇ ಎರಚಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಎಳೆ ಸಸಿಗೆ ನೆರಳಿಗೆ ಅಡಿಕೆ ಹಾಳೆಯ ತುಂಡು. ಪಾತ್ರೆ ತೊಳೆದ ನೀರು ಬಸಳೆ ಚಪ್ಪರಕ್ಕೆ, ಬಚ್ಚಲ ನೀರು ಬಾಳೆಗೆ. ಬೇಲಿಗೆ ನಮ್ಮ ಹಳೆಯ ಸೀರೆಗಳು! ನಗಬೇಡಿ. ಸುಳ್ಯ, ಪುತ್ತೂರು, ಕಡಬ ಮೂರೂ ತಾಲೂಕುಗಳಲ್ಲಿ ಯಾವ ಹಿತ್ತಿಲಿಗೆ ಹೋದರೂ ತರಕಾರಿ ಸಾಲಿನ ಸುತ್ತ ಸೀರೆ ಹಾರಾಡುವುದನ್ನು ಕಾಣುತ್ತೀರಿ. ಹಂದಿಗೆ ಅದು ಸಾಲದು, ನವಿಲಿಗೆ ಸ್ವಲ್ಪ ಹೆದರಿಕೆ. ನನ್ನ ಮದುವೆಯ ವರ್ಷ ತೆಗೆದ ನೀಲಿ ವಾಯಿಲ್ ಸೀರೆ ಈಗ ಬೆಂಡೆ ಸಾಲನ್ನು ಕಾಯುತ್ತಿದೆ.

ಇಷ್ಟು ಮಾಡಿದರೆ ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವವರೆಗೆ ತರಕಾರಿ ಅಂಗಡಿಯ ಮೆಟ್ಟಿಲು ಹತ್ತುವುದು ಬೇಡ. ಉಪ್ಪು, ಎಣ್ಣೆ, ನೀರುಳ್ಳಿ, ಬೇಳೆ, ಒಂದಿಷ್ಟು ಒಣ ಸಿಗಡಿ, ಇವಿಷ್ಟೇ ಪೇಟೆಯಿಂದ.

ಈ ಲೆಕ್ಕಾಚಾರ ನಮಗೆ ಹವ್ಯಾಸವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಸಂಪಾಜೆ, ಅರಂತೋಡು ಕಡೆಯ ತೋಟಗಳಿಗೆ ಅಡಿಕೆಯ ಹಳದಿ ರೋಗ ಬಂದು ದಶಕಗಳಾದುವು. ಮೊದಲು ಸೋಗೆಯ ತುದಿ ಹಳದಿಯಾಗುತ್ತದೆ, ಬೇರಿನ ತುದಿ ಕೊಳೆಯುತ್ತದೆ, ಮರದ ಮಂಡೆ ಸಣ್ಣದಾಗುತ್ತ ಹೋಗುತ್ತದೆ, ಅಡಿಕೆ ಸುಲಿದರೆ ತಿರುಳು ಕಪ್ಪು. ಕಣ್ಣಿಗೆ ಕಾಣದ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವಂತೆ, ಗಿಡದಿಂದ ಗಿಡಕ್ಕೆ ಒಂದು ಜಿಗಿಹುಳ ಅದನ್ನು ಒಯ್ಯುತ್ತದಂತೆ. ಕೇರಳದಲ್ಲಿ ಇದು ಕಂಡದ್ದು 1914ರಲ್ಲೇ. ಇವತ್ತಿನವರೆಗೂ ಗುಣಪಡಿಸುವ ಮದ್ದಿಲ್ಲ. ರೋಗದ ತೋಟದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಆರಿಸಿ, ಅವುಗಳಿಂದ ತಾಳಿಕೊಳ್ಳುವ ತಳಿ ಮಾಡುವ ಕೆಲಸವನ್ನು ಸಿ.ಪಿ.ಸಿ.ಆರ್.ಐ.ಯ ವಿಜ್ಞಾನಿಗಳು ಮಾಡುತ್ತಿದ್ದಾರೆ. ನಾನು ಬಂದ ವರ್ಷ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಅಡಿಕೆ ಒಣಗುತ್ತಿತ್ತು. ಈಗ ಅಂಗಳದ ಒಂದು ಮೂಲೆ ಸಾಕು. ಉಳಿದ ಅಂಗಳದಲ್ಲಿ ನಾನು ಹಪ್ಪಳ ಒಣಗಿಸುತ್ತೇನೆ. ಯಜಮಾನರು ಒಂದು ಮಾತೂ ಆಡದೆ ಆ ಮೂಲೆಯನ್ನು ನೋಡಿಕೊಂಡು ಹೋಗುತ್ತಾರೆ. ಅವರು ಹಾಗೆ ಸುಮ್ಮನಿರುವಾಗ ನನಗೆ ಹೆಚ್ಚು ಹೆದರಿಕೆ.

ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಸೌತೆಕಾಯಿ ಎಂದರೆ ಬರೀ ಸೌತೆಕಾಯಿಯಲ್ಲ. ಬೆಂಗಳೂರಿನ ಸೋದರಿಯರು ಮಂಗಳೂರು ಸೌತೆ ಎನ್ನುತ್ತೀರಲ್ಲ, ಅದೇ, ಸಾಂಬಾರ ಸೌತೆ. ಅತ್ತೆಯ ಹತ್ತಿರ ಇದ್ದ ತಳಿ ಸ್ವಲ್ಪ ಗಿಡ್ಡ, ಎರಡು ತುದಿಯೂ ಉರುಟು, ಹಣ್ಣಾದಾಗ ಬಂಗಾರದ ಬಣ್ಣದ ಮೇಲೆ ತೆಳು ಗೆರೆ. ಅದರ ದೊಡ್ಡಸ್ತಿಕೆ ಏನೆಂದರೆ ಬಾಳುವುದು. ಬಿಸುವಿನ ಹೊತ್ತಿಗೆ ಕೊಯ್ದು, ಬಾಳೆನಾರಿನ ಉರುಳು ಮಾಡಿ ಅಟ್ಟದ ಪಕ್ಕಾಸಿಗೆ ಸಾಲಾಗಿ ತೂಗುಹಾಕಿದರೆ ಆಟಿ, ಸೋಣ ಕಳೆದು ದೀಪಾವಳಿಗೂ ಕೊಳೆಯದೆ ಇರುತ್ತಿತ್ತು. ಮಳೆ ಸುರಿದು ಹೊಳೆ ತುಂಬಿ, ಹಿತ್ತಿಲಿನಲ್ಲಿ ಹಸಿರೆಂಬುದೇ ಕೊಳೆತುಹೋದಾಗ ಅಟ್ಟದಿಂದ ಒಂದು ಸೌತೆ ಇಳಿಸಿದರೆ ಎರಡು ದಿನದ ಅಡಿಗೆ. ಹೋಳು ಹುಳಿಗೆ, ಇಲ್ಲವೆ ಒಣ ಸಿಗಡಿಯ ಜೊತೆ. ಸಿಪ್ಪೆ ಹುರಿದು ಚಟ್ನಿ. ಒಳಗಿನ ತಿರುಳು ಕಿವುಚಿ ಸಾರು. ಮಿಕ್ಕದ್ದು ಮರುದಿನ ಬೆಳಿಗ್ಗೆ ದೋಸೆಗೆ. ದೋಸೆಯ ಕ್ರಮ ಕೇಳುವವರಿದ್ದೀರಿ, ಹೇಳಿಬಿಡುತ್ತೇನೆ. ಎರಡು ಕುಡ್ತೆ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಎರಡು ಕುಡ್ತೆ ತುರಿದ ಸೌತೆ, ಒಂದು ಹಿಡಿ ತೆಂಗಿನ ತುರಿ, ಉಪ್ಪು ಹಾಕಿ ನುಣ್ಣಗೆ ರುಬ್ಬುವುದು. ಸೌತೆಯಲ್ಲೇ ನೀರಿರುವುದರಿಂದ ನೀರು ನೋಡಿ ಹಾಕಿ. ಹುಳಿ ಬರಿಸುವುದು ಬೇಡ, ಆಗಲೇ ಕಾವಲಿಗೆ ಹೊಯ್ದು ಮುಚ್ಚಿ ಬೇಯಿಸಿ. ಉದ್ದಿನ ಖರ್ಚೂ ಉಳಿಯಿತು.

ಈ ಬೀಜವನ್ನು ಅತ್ತೆ ತಮ್ಮ ತವರಿನಿಂದ ತಂದದ್ದಂತೆ. ಪ್ರತಿ ವರ್ಷ ಬಳ್ಳಿಯ ಎರಡನೆಯ ಅಥವಾ ಮೂರನೆಯ ಕಾಯಿಯನ್ನು ಬೀಜಕ್ಕೆಂದು ಬಿಟ್ಟು, ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಗಾಜಿನ ಭರಣಿಯಲ್ಲಿಡುತ್ತಿದ್ದರು. ಅವರಿಗೆ ಎಂಬತ್ತು ದಾಟಿ ಗದ್ದೆಗೆ ಇಳಿಯಲಾಗದೆ ಹೋದ ಮೇಲೆ ಭರಣಿ ನನ್ನ ಕೈಗೆ ಬಂತು. ಅದನ್ನು ನಾನು ಮೂರನೆಯ ವರ್ಷಕ್ಕೇ ಹಾಳುಮಾಡಿದೆ.

ಹೇಗೆಂದೀರಾ? ಬೇಸಗೆಗೆ ಹಣ್ಣು ಸಿಗಲಿ ಎಂದು ಮಗಳು ಪೇಟೆಯಿಂದ ಕರ್ಬೂಜದ ಬೀಜ ತಂದಿದ್ದಳು. ಜಾಗ ಇದ್ದದ್ದು ಸೌತೆ ಸಾಲಿನ ಪಕ್ಕದಲ್ಲೇ. ಎರಡೂ ಚೆನ್ನಾಗಿ ಹಬ್ಬಿದುವು, ಹಣ್ಣೂ ತಿಂದೆವು, ಸೌತೆಯೂ ಎಂದಿನ ಹಾಗೇ ಇತ್ತು. ಬೀಜ ತೆಗೆದಿಟ್ಟೆ. ಮರುವರ್ಷ ಅದೇ ಬೀಜ ಹಾಕಿದರೆ ಬಂದ ಕಾಯಿಗಳು ಒಂದೊಂದು ಒಂದೊಂದು ತರಹ! ಒಂದು ಉದ್ದ, ಒಂದು ಬಿಳಿಚಿಕೊಂಡದ್ದು, ಬೇಯಿಸಿದರೆ ಕರಗಿ ನೀರು, ಅಟ್ಟಕ್ಕೆ ಕಟ್ಟಿದ್ದು ಹದಿನೈದು ದಿನದಲ್ಲಿ ಕೊಳೆತು ಕೆಳಗೆ ಬಿತ್ತು. ಕೃಷಿ ಕಾಲೇಜಿನಲ್ಲಿ ಓದಿದ ಭಾವನ ಮಗ ಬಂದಿದ್ದಾಗ ಕೇಳಿದೆ. ಅವನು ನಕ್ಕು ಹೇಳಿದ: "ಚಿಕ್ಕಮ್ಮ, ಸಾಂಬಾರ ಸೌತೆ ಹೆಸರಿಗೆ ಮಾತ್ರ ಸೌತೆ, ಕುಲದಲ್ಲಿ ಅದು ಕರ್ಬೂಜದ ಜಾತಿಯೇ. ಮುಳ್ಳುಸೌತೆಯನ್ನು ಪಕ್ಕದಲ್ಲಿ ನೆಟ್ಟಿದ್ದರೆ ಏನೂ ಆಗುತ್ತಿರಲಿಲ್ಲ, ಅದು ಬೇರೆ. ಕರ್ಬೂಜ ನೆಟ್ಟರೆ ಜೇನುನೊಣ ಸುಮ್ಮನಿರುತ್ತದಾ?" ಬೆರಕೆ ಆದದ್ದು ಆ ವರ್ಷದ ಕಾಯಿಯಲ್ಲಿ ತಿಳಿಯುವುದಿಲ್ಲವಂತೆ. ಬೀಜದೊಳಗೆ ಕೂತು ಮುಂದಿನ ವರ್ಷ ಹೊರಗೆ ಬರುತ್ತದಂತೆ. ಎರಡರ ನಡುವೆ ಒಂದು ಗುಡ್ಡವಾದರೂ ಇರಬೇಕು, ಇಲ್ಲವೆ ಬೀಜಕ್ಕೆ ಬಿಡುವ ಹೂವನ್ನು ಅರಳುವ ಮುಂಚಿನ ಸಂಜೆಯೇ ಬಟ್ಟೆಯಲ್ಲಿ ಕಟ್ಟಿ, ಬೆಳಿಗ್ಗೆ ಅದೇ ತಳಿಯ ಗಂಡು ಹೂವನ್ನು ಕೈಯಾರೆ ಮುಟ್ಟಿಸಿ ಮತ್ತೆ ಕಟ್ಟಬೇಕು. ಈ ಮಾತು ನೀವೂ ನೆನಪಿಟ್ಟುಕೊಳ್ಳಿ, ನಾನು ದುಬಾರಿ ಬೆಲೆ ತೆತ್ತು ಕಲಿತದ್ದು. ಭರಣಿಯಲ್ಲಿದ್ದ ಹಳೆಯ ಬೀಜವನ್ನೆಲ್ಲ ಹೊಸದು ಬಂತೆಂದು ಕೋಳಿಗೆ ಹಾಕಿಬಿಟ್ಟಿದ್ದೆ.

ಅತ್ತೆಗೆ ಹೇಳಲಿಲ್ಲ. ಜಗಲಿಯಲ್ಲಿ ಕೂತು ಅವರು ದಿನಕ್ಕೊಮ್ಮೆ, "ಸೌತೆ ಬೀಜ ಹಾಕಿದಿಯಾ?" ಎಂದು ಕೇಳುವರು. "ಹಾಕ್ತೇನೆ ಅತ್ತೆ" ಎನ್ನುವೆ. ಜನವರಿ ಹಾಗೇ ಕಳೆಯಿತು. ಫೆಬ್ರವರಿ ಮೊದಲ ವಾರ ಯಜಮಾನರಿಗೆ ವಿಷಯ ಹೇಳಿ, ಒಂದು ಚೀಲ ಹಿಡಿದು ಹೊರಟೆ. ಮೂರು ತಾಲೂಕು ಸುತ್ತಿದರೂ ಬಸ್ಸಿಗೆ ಒಂದು ಪೈಸೆ ಖರ್ಚಾಗಲಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಪಕಾರ. ಸೊನ್ನೆ ರೂಪಾಯಿಯ ಟಿಕೆಟುಗಳನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಮೊದಲು ಬೆಳ್ಳಾರೆ, ನಾದಿನಿಯ ಮನೆ. ಬೆಳ್ಳಾರೆ ಎಂದರೆ ಸಣ್ಣ ಊರಲ್ಲ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮೊದಲಾದವರು ರೈತರ ದಂಡು ಕಟ್ಟಿ ಕಂಪೆನಿ ಸರಕಾರದ ಖಜಾನೆಯನ್ನು ವಶಮಾಡಿಕೊಂಡದ್ದು ಇಲ್ಲೇ. ಅಮರ ಸುಳ್ಯದ ದಂಗೆ ಎನ್ನುತ್ತಾರೆ. ಬೆಳೆದದ್ದರಲ್ಲೇ ಕಂದಾಯ ಅಳೆದು ಕೊಡುತ್ತಿದ್ದವರನ್ನು ನಗದಾಗಿ ಕೊಡಿ ಎಂದು ಹಿಡಿದದ್ದೂ ಆ ಸಿಟ್ಟಿಗೆ ಒಂದು ಕಾರಣವಂತೆ. ಬತ್ತ ಉಂಟು, ಬೆಲ್ಲ ಉಂಟು, ಕೈಯಲ್ಲಿ ಕಾಸಿಲ್ಲ. ಇದು ಯಾವ ಗೃಹಿಣಿಗೆ ಅರ್ಥವಾಗದ ಕಷ್ಟ, ಹೇಳಿ!

ನಾದಿನಿ ಗುಜ್ಜೆ ಪಲ್ಯ ಮಾಡಿ ಬಡಿಸಿದಳು. ಬೀಜದ ಮಾತು ತೆಗೆದಾಗ ಹಿಂದಿನ ಬಾಗಿಲು ತೆರೆದು ತೋರಿಸಿದಳು. ನಾನು ಕಂಡಿದ್ದ ಮೂರು ಮುಡಿ ಗದ್ದೆ ಪೂರ್ತಿ ಮಣ್ಣು ತುಂಬಿ ಎತ್ತರವಾಗಿ ಅಡಿಕೆ ಸಸಿಯ ಸಾಲಾಗಿತ್ತು. "ಅತ್ತಿಗೆ, ಗದ್ದೆ ಇದ್ದರಲ್ಲವಾ ನೆಟ್ಟಿಕಾಯಿ? ಅಮ್ಮ ಕೊಟ್ಟ ಬೀಜ ಎರಡು ವರ್ಷ ಇಟ್ಟುಕೊಂಡಿದ್ದೆ. ಮತ್ತೆ ಎಲ್ಲಿ ಹಾಕುವುದು?" ಅಡಿಕೆಗೆ ದರ ಏರಿದ ಹಾಗೆ ಗದ್ದೆಗಳು ತೋಟವಾದುವು. ಬತ್ತ ಹೋದದ್ದನ್ನು ಎಲ್ಲರೂ ಹೇಳುತ್ತಾರೆ, ಅದರ ಹಿಂದೆಯೇ ಬೇಸಗೆಯ ತರಕಾರಿ ಹೋದದ್ದನ್ನು ಯಾರೂ ಹೇಳುವುದಿಲ್ಲ. ತೋಟದ ನೆರಳಿನಲ್ಲಿ ಸೌತೆ ಆಗುವುದಿಲ್ಲ. ನಮ್ಮಲ್ಲಿ ಹಳದಿ ರೋಗಕ್ಕೆ ಅಡಿಕೆ ಹೋಗಿ ಬೆಳಕು ಬಿದ್ದಿದೆ, ಅವಳಲ್ಲಿ ಅಡಿಕೆ ಬಂದು ಬೆಳಕು ಹೋಗಿದೆ. ಅವಳಿಗೆ ಇದನ್ನು ಹೇಳಲು ಮನಸ್ಸಾಗಲಿಲ್ಲ. ಹೊಸ ತೋಟದ ಮೇಲೆ ಅವಳಿಗೆ ತುಂಬ ಆಸೆ.

ನಿಂತಿಕಲ್ಲು, ಪಂಜ ದಾಟಿ ಸಂಜೆಗೆ ಕಡಬ. ನಾನು ಹುಟ್ಟುವಾಗ ಕಡಬವು ಪುತ್ತೂರು ತಾಲೂಕಿನ ಒಂದು ಹೋಬಳಿ. ಈಗ ಅದೇ ಒಂದು ತಾಲೂಕು, ಕುಕ್ಕೆ ಸುಬ್ರಹ್ಮಣ್ಯವೂ ಅದಕ್ಕೇ ಸೇರಿದೆ. ತವರಿನ ಹತ್ತಿರ ಕುಮಾರಧಾರಾ ಹೊಳೆ ಫೆಬ್ರವರಿಗೇ ಮೊಣಕಾಲಿಗಿಳಿದಿತ್ತು. ಚಿಕ್ಕವಳಿದ್ದಾಗ ಹೊಳೆಬದಿಯ ಮರಳುಮಣ್ಣಿನಲ್ಲಿ ಅವ್ವ ಚೀನಿಕಾಯಿ ಹಾಕುತ್ತಿದ್ದ ಜಾಗ ಹುಡುಕಿದೆ, ಗುರುತು ಸಿಗಲಿಲ್ಲ. ಅವ್ವ ಹೋಗಿ ಒಂಬತ್ತು ವರ್ಷ. ಗುಡ್ಡವೆಲ್ಲ ರಬ್ಬರು. ತರಕಾರಿ ವಾರಕ್ಕೆರಡು ಸಲ ಗಾಡಿಯಲ್ಲಿ ಮನೆ ಬಾಗಿಲಿಗೇ ಬರುತ್ತದೆ, ಘಟ್ಟದ ತರಕಾರಿ.

ಅಣ್ಣನಿಗೆ ನನ್ನನ್ನು ಕೆಣಕದಿದ್ದರೆ ಉಂಡದ್ದು ಕರಗುವುದಿಲ್ಲ. "ಇಲ್ಲೇ ನೆಟ್ಟಣದ ಹತ್ತಿರ ಕಿದುವಿನ ಫಾರ್ಮಿನಲ್ಲಿ ದೇಶವಿದೇಶದ ತೆಂಗಿನ ತಳಿಗಳನ್ನು ಕಾಪಾಡಿಟ್ಟಿದ್ದಾರೆ. ಅಲ್ಲಿ ಕಾಸರಗೋಡಿನ ಬೆಳೇರಿ ಸತ್ಯನಾರಾಯಣರು ಆರುನೂರೈವತ್ತಕ್ಕೂ ಹೆಚ್ಚು ಬತ್ತದ ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ತಗೊಂಡರು. ನಿನಗೆ ಒಂದು ಸೌತೆಬೀಜ ಇಟ್ಟುಕೊಳ್ಳಲಿಕ್ಕೆ ಆಗಲಿಲ್ವಾ ಮಾರಾಯ್ತಿ?" ಅತ್ತಿಗೆ ಗದರಿಸಿ ಅವನನ್ನು ಹೊರಗೆ ಕಳಿಸಿದಳು. ನನಗೆ ನಗುವೂ ಬಂತು, ಅಳುವೂ ಬಂತು. ಬೆಳೇರಿಯವರು ಎಷ್ಟೋ ತಳಿಗಳನ್ನು ಸಣ್ಣ ಸಣ್ಣ ಚೀಲಗಳಲ್ಲಿ ಒಂದೊಂದು ಹಿಡಿಯಷ್ಟು ಬೆಳೆಸಿಯೇ ಉಳಿಸಿದವರು. ಎಕರೆಗಟ್ಟಲೆ ಬೇಕಾಗಿಯೇ ಇಲ್ಲ, ಲಕ್ಷ್ಯ ಬೇಕು. ಅದೇ ನನಗೆ ತಪ್ಪಿದ್ದು.

ಅತ್ತಿಗೆ ಕೆಂಪು ಹರಿವೆ ಬೀಜವನ್ನೂ ಮೀಟರ್ ಅಳಸಂಡೆಯ ಬೀಜವನ್ನೂ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಟ್ಟಳು. ಸೌತೆ ಇಲ್ಲ.

ಸೋಮವಾರ ಪುತ್ತೂರು ಸಂತೆ. ಮಹಾಲಿಂಗೇಶ್ವರನಿಗೆ ಹೊರಗಿನಿಂದಲೇ ಕೈಮುಗಿದು ಕಿಲ್ಲೆ ಮೈದಾನಕ್ಕೆ ಹೋದೆ. ಘಟ್ಟದ ಮೇಲಿನ ಕೋಸು, ಟೊಮೆಟೊ, ಮೂಲಂಗಿಯ ರಾಶಿಗಳ ನಡುವೆ ನಮ್ಮ ಊರಿನ 'ಹಳ್ಳಿ' ತರಕಾರಿ ಹುಡುಕಬೇಕು. ಬಸಳೆಯ ಕಟ್ಟು, ಬಾಳೆದಿಂಡು, ಗುಜ್ಜೆ ಇಟ್ಟುಕೊಂಡು ನಾಲ್ಕಾರು ಹೆಂಗಸರು ಕೂತಿದ್ದರು. ಒಬ್ಬಾಕೆಯ ಹತ್ತಿರ ಸೌತೆ ಇತ್ತು, ಉದ್ದದ್ದು. "ಇದು ಎಷ್ಟು ದಿನ ಇರ್ತದೆ?" ಎಂದೆ. "ಒಂದು ವಾರ ಇರಬಹುದು ಅಕ್ಕಾ, ನೀವು ಇವತ್ತೇ ಮಾಡಿ" ಎಂದಳು. ಬೀಜದ ಅಂಗಡಿಯ ಹುಡುಗ ಪೊಟ್ಟಣ ತೋರಿಸಿದ. ಹೈಬ್ರಿಡ್, ಒಳ್ಳೆಯ ಇಳುವರಿ. "ಇದರ ಬೀಜ ಇಟ್ಟುಕೊಂಡರೆ ಬರ್ತದಾ?" ಎಂದರೆ, ಪಾಪ, ಸುಳ್ಳು ಹೇಳಲಿಲ್ಲ. "ಇಲ್ಲ ಅಕ್ಕಾ, ಹಾಗೇ ಬರುವುದಿಲ್ಲ, ಪ್ರತಿ ವರ್ಷ ತಗೊಳ್ಳಬೇಕು." ಒಂದು ಪೊಟ್ಟಣ ತೆಗೆದುಕೊಂಡೆ. ಬರಿಗೈಯಲ್ಲಿ ಹೋಗಿ ಏನು ಹೇಳುವುದು? ಅತ್ತೆಗೆ ಕಣ್ಣು ಸ್ವಲ್ಪ ಮಂಜು, ಬಳ್ಳಿ ಕಂಡರೆ ಸಮಾಧಾನ ಆದೀತು ಎಂಬ ಕೆಟ್ಟ ಯೋಚನೆಯೂ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಸುಳ್ಯ ಬಸ್ ನಿಲ್ದಾಣದಲ್ಲಿ ಇಳಿದಾಗ ಸಂಜೆ ಐದು. ಯಾರೋ, "ಅಕ್ಕಾ, ಗುರುತಿಲ್ವಾ?" ಎಂದರು. ಹಿಂದೆ ನಮ್ಮಲ್ಲಿಗೆ ಅಡಿಕೆ ಸುಲಿಯಲು ಬರುತ್ತಿದ್ದ ರಬ್ಬರು ಕಾಲೊನಿಯ ಹೆಂಗಸು. ಈ ಕಾಲೊನಿಗಳ ಕಥೆ ಹೊರಗಿನವರಿಗೆ ತಿಳಿದಿರಲಿಕ್ಕಿಲ್ಲ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಶ್ರೀಲಂಕೆಯ ಚಹಾ ತೋಟಗಳಲ್ಲಿದ್ದ ತಮಿಳು ಕುಟುಂಬಗಳು ಭಾರತಕ್ಕೆ ಮರಳಿದಾಗ, ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಕೆಲಸ ಕೊಟ್ಟರು. ಈಕೆಯ ತಂದೆತಾಯಿ ಹಾಗೆ ಬಂದವರು. ಈಕೆ ಇಲ್ಲೇ ಹುಟ್ಟಿದವಳು. ತಮಿಳು, ತುಳು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾಳೆ.

ಎಲ್ಲಿಗೆ ಹೋಗಿದ್ದೆಂದು ಕೇಳಿದಳು. ಹೇಳಿದೆ. ಅವಳು ಆಶ್ಚರ್ಯದಿಂದ, "ಅಮ್ಮ ಕೊಟ್ಟ ಬೀಜ ನಮ್ಮಲ್ಲಿ ಉಂಟಲ್ಲ ಅಕ್ಕಾ! ನಿಮ್ಮಲ್ಲಿ ಇಲ್ವಾ?" ಎಂದಳು.

ನನಗೆ ಏನು ಉತ್ತರ ಕೊಡಬೇಕೆಂದೇ ತಿಳಿಯಲಿಲ್ಲ. ಏಕೆಂದರೆ ಅತ್ತೆ ಬೀಜ ಕೊಟ್ಟ ಆ ದಿನ ನನಗೆ ಚೆನ್ನಾಗಿ ನೆನಪುಂಟು. ಹನ್ನೆರಡು ವರ್ಷವಾದರೂ ಆಗಿರಬೇಕು. ಸುಲಿದ ಕೂಲಿಯ ಜೊತೆಗೆ ಅತ್ತೆ ಒಂದು ಹಿಡಿ ಬೀಜವನ್ನು ಎಲೆಯಲ್ಲಿ ಕಟ್ಟಿ ಕೊಟ್ಟಿದ್ದರು. ಹೀಗೆ ಕಂಡವರಿಗೆಲ್ಲ ಹಿಡಿ ಹಿಡಿ ಕೊಟ್ಟರೆ ನಮಗೇನು ಉಳಿಯಿತು ಎಂದು ನಾನು ಅಡಿಗೆಮನೆಯಲ್ಲಿ ಗೊಣಗಿದ್ದೆ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿಯೇ ಗೊಣಗಿದ್ದೆನೋ ಏನೋ.

ನಾಳೆ ತಂದುಕೊಡುತ್ತೇನೆ ಎಂದಳು. ನನಗೆ ತಡೆಯಲಾಗಲಿಲ್ಲ, ಅವಳ ಜೊತೆಗೇ ಜೀಪು ಹತ್ತಿದೆ. ಸಾಲುಮನೆಯ ಹಿಂದೆ ಒಂದು ನಾಲ್ಕು ಸೆಂಟ್ಸು ಜಾಗ. ಅಲ್ಲೂ ಸೀರೆಯ ಬೇಲಿ! ಸರದಿಯಲ್ಲಿ ಹಿಡಿಯುವ ನಲ್ಲಿ ನೀರಿನಲ್ಲಿ ದಿನಕ್ಕೆ ಎರಡು ಕೊಡಪಾನ ಗಿಡಗಳಿಗೆ ಮೀಸಲಂತೆ. ಒಳಗೆ ಹೋದರೆ ಶೀಟಿನ ಅಡಿಯ ಜಂತಿಯಿಂದ, ಸೀರೆಯ ಅಂಚು ಹರಿದು ಮಾಡಿದ ಉರುಳಿನಲ್ಲಿ ಮೂರು ಸೌತೆಗಳು ತೂಗುತ್ತಿದ್ದುವು. ಗಿಡ್ಡ, ಎರಡು ತುದಿ ಉರುಟು, ಬಂಗಾರದ ಮೇಲೆ ತೆಳು ಗೆರೆ. ಹೋದ ಏಪ್ರಿಲ್‌ನಲ್ಲಿ ಕೊಯ್ದದ್ದು, ಹತ್ತು ತಿಂಗಳು! ತೊಗಲು ಸ್ವಲ್ಪ ಸುಕ್ಕಾಗಿತ್ತು, ಅಷ್ಟೇ. ಕಾಲೊನಿಯಲ್ಲಿ ಬೇರೆ ಯಾರೂ ಕರ್ಬೂಜ ಬೆಳೆಯುವವರಿಲ್ಲ, ಸುತ್ತಲೂ ಮೈಲುಗಟ್ಟಲೆ ರಬ್ಬರು. ಭಾವನ ಮಗ ಹೇಳಿದ ಗುಡ್ಡಕ್ಕಿಂತ ದೊಡ್ಡ ಬೇಲಿ ಅದು.

ಅವಳು ಒಂದನ್ನು ಬಿಚ್ಚಿ ನನ್ನ ಚೀಲದಲ್ಲಿಟ್ಟಳು. ಹಣ ತೆಗೆಯಲು ಹೋದವಳು ಅವಳ ಮುಖ ನೋಡಿ ಪರ್ಸು ಮುಚ್ಚಿದೆ. ಅತ್ತಿಗೆ ಕೊಟ್ಟ ಹರಿವೆ, ಅಳಸಂಡೆ ಪೊಟ್ಟಣಗಳಲ್ಲಿ ಅರ್ಧರ್ಧ ಕೊಟ್ಟೆ. ಕಾಪಿ ಕುಡಿದು ಮನೆ ಸೇರುವಾಗ ಎಂಟು ಗಂಟೆ, ಯಜಮಾನರು ಟಾರ್ಚು ಹಿಡಿದು ರಸ್ತೆಗೆ ಬಂದು ನಿಂತಿದ್ದರು.

ಮರುದಿನವೇ ಬೀಜ ಹಾಕೋಣವೆಂದರೆ ಅಂದು ಮೊದಲ ಕೆಡ್ಡಸ. ಕೆಡ್ಡಸ ಎಂದರೆ ಮಕರ ಮಾಸದ ಕೊನೆಗೆ ಭೂಮಿತಾಯಿ ಮುಟ್ಟಾಗುವ ಮೂರು ದಿನ. ತುಳುನಾಡಿನಲ್ಲಿ ಆ ದಿನಗಳಲ್ಲಿ ನೆಲಕ್ಕೆ ಹಾರೆ, ಗುದ್ದಲಿ ತಾಗಿಸುವುದಿಲ್ಲ, ಹಸಿ ಮರ ಕಡಿಯುವುದಿಲ್ಲ. ಅಕ್ಕಿ ಹುರಿದು ಪುಡಿ ಮಾಡಿ ಬೆಲ್ಲ, ತೆಂಗಿನಕಾಯಿ ಸೇರಿಸಿ ನನ್ನೆರಿ ಮಾಡಿ ಹಂಚುತ್ತಾರೆ. ಕೊನೆಯ ದಿನ ಗುಡಿಸಿ ಸಾರಿಸಿದ ನೆಲದಲ್ಲಿ ಎಣ್ಣೆ, ಅರಸಿನ, ಕುಂಕುಮ, ಬಾಚಣಿಗೆ, ಕನ್ನಡಿ ಇಟ್ಟು, ಭೂಮಿಗೆ ಎಣ್ಣೆ ಬಿಟ್ಟು ಮೀಯಿಸುವ ಕ್ರಮ. ಮಿಂದ ಭೂಮಿ ಇನ್ನು ಹಡೆಯಲು ಸಿದ್ಧ ಎಂದು ಲೆಕ್ಕ. ಮಗಳು ಕಾಲೇಜಿನಲ್ಲಿ ಇದರ ಮೇಲೆ ಪ್ರಬಂಧ ಬರೆದಳು. ನಮಗೆ ಹೆಂಗಸರಿಗಂತೂ ಮೂರು ದಿನ ಗುದ್ದಲಿ ಮುಟ್ಟದಿದ್ದರೆ ಸೊಂಟಕ್ಕೆ ಸುಖ.

ಕಾಯಬೇಕಾಗಿ ಬಂದದ್ದೂ ಒಳ್ಳೆಯದೇ ಆಯಿತು. ಸೌತೆ ಕೊಯ್ದು ತಿರುಳನ್ನು ಒಂದು ರಾತ್ರಿ ನೀರಿನಲ್ಲಿಟ್ಟು ಕಿವುಚಿ ತೊಳೆದೆ. ತೇಲಿದ ಜಳ್ಳು ಚೆಲ್ಲಿ, ಮುಳುಗಿದ್ದನ್ನು ಬೂದಿಯಲ್ಲಿ ಹೊರಳಿಸಿ ಹಾಳೆಯ ಮೇಲೆ ಹರವಿ ಜಗಲಿಯ ನೆರಳಿನಲ್ಲಿಟ್ಟೆ. ಬೇಕೆಂದೇ ಅಲ್ಲಿಟ್ಟೆನೋ, ಮರೆತು ಇಟ್ಟೆನೋ, ಈಗ ಹೇಳಲಾರೆ. ಹೋಳು ಆ ದಿನದ ಹುಳಿಗೆ ಆಯಿತು.

ಅತ್ತೆ ಊಟಕ್ಕೆ ಕೂತವರು ಒಂದು ಹೋಳು ಬಾಯಿಗಿಟ್ಟು ನನ್ನನ್ನು ನೋಡಿದರು. "ಇದು ಯಾರ ಮನೆಯದು?" ಎಂದರು. ನಮ್ಮ ಮನೆಯದಲ್ಲವೆಂದು ಅವರಿಗೆ ಯಾವಾಗಿನಿಂದ ಗೊತ್ತಿತ್ತೋ! ಹೋದ ವರ್ಷ ಕೊಳೆತು ಬಿದ್ದ ಕಾಯಿಗಳ ವಾಸನೆ ಮೂಗಿಗೆ ಬಡಿಯದಿರುತ್ತದೆಯೇ? ನಾನು ಎಲ್ಲ ಹೇಳಿದೆ. ಕರ್ಬೂಜ, ಕೋಳಿ, ಬೆಳ್ಳಾರೆ, ಕಡಬ, ಪುತ್ತೂರು, ಕಾಲೊನಿ. ಗೊಣಗಿದ್ದನ್ನೂ ಹೇಳಿದೆ. ಅವರು ಸುಮ್ಮನೆ ಊಟ ಮುಗಿಸಿ ಕೈ ತೊಳೆದು ಬಂದು, "ಅವಳ ದೊಡ್ಡ ಮಗಳಿಗೆ ಮದುವೆ ಆಯ್ತಾ?" ಎಂದು ಕೇಳಿದರು. ನಾನು ವಿಚಾರಿಸಿಯೇ ಇರಲಿಲ್ಲ.

ಕಡೆಯ ಕೆಡ್ಡಸ ಕಳೆದ ಮರುದಿನ ಎಂಟು ಗುಳಿ, ಗುಳಿಗೆ ನಾಲ್ಕರಂತೆ ಬೀಜ. ಇಪ್ಪತ್ತೇಳು ಹುಟ್ಟಿದುವು. ಎರಡು ಗುಳಿಯದ್ದನ್ನು ನವಿಲು ಕುಕ್ಕಿ ತೆಗೆಯಿತು, ನೀಲಿ ಸೀರೆಯನ್ನು ಅಲ್ಲಿಂದ ಇಲ್ಲಿಗೆ ಸರಿಸಿದೆ. ಯಜಮಾನರು ತೋಡಿಗೆ ಹಾಕಿದ ಕಟ್ಟದ ನೀರು ಮಾರ್ಚ್ ಕೊನೆಯ ತನಕ ಬಂತು, ಆಮೇಲೆ ಬಾವಿಯಿಂದ ಕೊಡಪಾನದಲ್ಲಿ ಹೊತ್ತೆ. ಸಾಲದ ನೀರನ್ನು ಅಡಿಕೆಗೆ ಬಿಡಬೇಕೋ ಸೌತೆಗೋ ಎಂಬ ಮಾತು ಬಂದಾಗ ಅವರು, "ಆ ಮೇಲಿನ ಮೂರು ಸಾಲು ಇನ್ನು ಹೋಯ್ತು, ಸೌತೆಗೇ ಹಾಕು" ಎಂದರು. ಆ ಮೂರು ಸಾಲಿನ ವಿಷಯ ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಬಿಸು ಕಣಿಗೆ ಬಂಗಾರದ ಬಣ್ಣದ ಸೌತೆ ಇಡುವುದು ನಮ್ಮ ಕ್ರಮ. ಬಿತ್ತಿದ್ದು ತಡವಾದ್ದರಿಂದ ಆ ದಿನಕ್ಕೆ ಕಾಯಿ ಇನ್ನೂ ಹಸಿರು. ಅದನ್ನೇ ಇಟ್ಟೆ. ಅತ್ತೆ ಕನ್ನಡಿಯ ಮುಂದೆ ಬಗ್ಗಿ ಅದನ್ನು ಮುಟ್ಟಿ ನೋಡಿದರು.

ಹಣ್ಣಾದ ಮೇಲೆ ಎಣಿಸಿದಾಗ ಮೂವತ್ತೊಂದು ಕಾಯಿ. ಬೀಜಕ್ಕೆಂದೇ ಬಿಟ್ಟದ್ದು ನಾಲ್ಕು. ಒಂದು ನಮ್ಮ ಅಟ್ಟದಲ್ಲಿದೆ. ಒಂದನ್ನು ಕಡಬಕ್ಕೆ ಅಣ್ಣನ ಕೈಯಲ್ಲೇ ಕೊಟ್ಟು ಕಳಿಸಿದೆ, ಇನ್ನು ಅವನು ನನ್ನನ್ನು ನಗೆಯಾಡಲಿ ನೋಡೋಣ. ಒಂದನ್ನು ಕಾಲೊನಿಗೆ ಒಯ್ದುಕೊಟ್ಟು, ಮಗಳ ಮದುವೆ ಬರುವ ವೈಶಾಖಕ್ಕೆ ಎಂದು ತಿಳಿದುಕೊಂಡು ಬಂದು ಅತ್ತೆಗೆ ಹೇಳಿದೆ. ನಾಲ್ಕನೆಯದು ಬೆಳ್ಳಾರೆಯಲ್ಲಿ. ಗದ್ದೆ ಇಲ್ಲದಿದ್ದರೇನು, ತಾರಸಿಯ ಮೇಲೆ ಸಿಮೆಂಟು ಚೀಲದಲ್ಲಿ ಮಣ್ಣು ತುಂಬಿ ಎರಡು ಬಳ್ಳಿ ಮಾಡುತ್ತೇನೆಂದು ನಾದಿನಿ ಈಗಲೇ ಸುಡುಮಣ್ಣಿಗೆ ತರಗೆಲೆ ಗುಡಿಸಿಡುತ್ತಿದ್ದಾಳಂತೆ.